ಹಿಮ್ಮಡಿ ನೋವಿಗೆ ಗಟ್ಟಿ ಇನ್‌ಸೋಲ್: ನನ್ನ ಅನುಭವ

ಹಿಮ್ಮಡಿ ನೋವು ಅಂದರೆ ಸಾಕು, ಮೆತ್ತನೆಯದ್ದು ಹಾಕಿ ಅನ್ನುವವರೇ ಎಲ್ಲ. ನಾನು ಮಾಡಿಕೊಡುವುದು ಗಟ್ಟಿ ಇನ್‌ಸೋಲ್, ಅಂದರೆ ಚಪ್ಪಲಿ, ಶೂ ಒಳಗೆ ಪಾದದಡಿ ಕೂರಿಸುವ ಹಾಳೆ. "ನೋವಿರುವ ಕಾಲಿಗೆ ಗಟ್ಟಿ ಶೀಟ್ ಇಡ್ತಾನಂತೆ ಮಾರಾಯ" ಎಂದು ಉಡುಪಿಯಲ್ಲಿ ನಮ್ಮ ಚಪ್ಪಲಿ ಲೈನಿನವರೇ ನಕ್ಕರು. ಈಗ ಅವರೇ ಗಿರಾಕಿಗಳನ್ನು ಕಳಿಸುತ್ತಾರೆ.

ನನ್ನಲ್ಲಿಗೆ ಬರುವವರಲ್ಲಿ ಬಸ್ ಕಂಡಕ್ಟರುಗಳು ಜಾಸ್ತಿ. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್‌ನಲ್ಲಿ ದಿನವಿಡೀ ನಿಂತೇ ಇರುವವರು. ಬೆಳಿಗ್ಗೆ ಎದ್ದ ಮೊದಲ ನಾಲ್ಕು ಹೆಜ್ಜೆಗೆ ಜೀವ ಹೋಗುತ್ತದೆ, ಆಮೇಲೆ ಸಡಿಲ. ಮೊದಲು ಸಿಲಿಕೋನ್ ಹೀಲ್ ಕಪ್ (ಹಿಮ್ಮಡಿಯಡಿ ಇಡುವ ಮೆತ್ತನೆ ಬಟ್ಟಲು) ಕೊಟ್ಟೆ. ವಾರ ಕಳೆಯುವಾಗ ಮತ್ತೆ ಅದೇ ಗೋಳು. ಹಿಮ್ಮಡಿಗೆ ಮೆತ್ತಗಾಯಿತು, ಹಿಮ್ಮಡಿಯಿಂದ ಬೆರಳಿನ ಕಡೆ ಹೋಗುವ ಅಂಗಾಲಿನ ಪಟ್ಟಿಯ ಎಳೆತ ಮಾತ್ರ ಹಾಗೇ ಉಳಿಯಿತು. ಮೆತ್ತನೆ ಇವಿಎ (ಚಪ್ಪಲಿಗೆ ಹಾಕುವ ಹಗುರ ಫೋಮ್ ಶೀಟ್) ಎರಡು ಪದರ ಹಾಕಿದೆ. ಎರಡು ತಿಂಗಳಿಗೆ ಕೂತು ಹಪ್ಪಳವಾಯಿತು. ಪಿಯು (ಪಾಲಿಯುರೆಥೇನ್ ಫೋಮ್) ಹಳೆ ಸ್ಟಾಕು ಅಗ್ಗಕ್ಕೆ ತಂದದ್ದಂತೂ ಪೂರ್ತಿ ನಷ್ಟ. ನಮ್ಮ ಕರಾವಳಿಯ ತೇವಕ್ಕೆ ಅದು ಇಟ್ಟಲ್ಲೇ ಕೊಳೆಯುತ್ತದೆ, ಬೆರಳಲ್ಲಿ ಒತ್ತಿದರೆ ಉದುರುತ್ತಿತ್ತು. ಸುಮಾರು 4,000 ರೂಪಾಯಿ ಹೋಯಿತು.

ಈಗ ಅಡಿಯಲ್ಲಿ ಗಟ್ಟಿ ಇವಿಎ, ಮೇಲೆ ತೆಳು ಮೆತ್ತನೆ ಪದರ. ಗಿರಾಕಿಯ ಕಾಲು ಒದ್ದೆ ಮಾಡಿ ಅಂಗಡಿಯ ಕೆಂಪು ನೆಲದ ಮೇಲೆ ನಿಲ್ಲಿಸುತ್ತೇನೆ. ಒದ್ದೆ ಹೆಜ್ಜೆ ಗುರುತಿನ ಒಳ ಅಂಚು ಎಷ್ಟು ತುಂಬಿದೆ ಎಂದು ನೋಡಿ ಶೀಟ್ ಬಿಸಿ ಮಾಡುತ್ತೇನೆ. ಬಿಸಿ ಶೀಟನ್ನು ಅಂಗಾಲಿಗೆ ಒತ್ತುವಾಗ ಕುರ್ಚಿಯಲ್ಲಿ ಕೂರಿಸಬೇಕು, ಪೂರ್ತಿ ಭಾರ ಬಿಟ್ಟರೆ ಅಂಗಾಲಿನ ಕಮಾನಿಗೆ ಆನಿಕೆಯಾಗುವ ಉಬ್ಬು ಸಪಾಟಾಗುತ್ತದೆ. ಉಬ್ಬು ಹಿಮ್ಮಡಿಯ ಎದುರಿನಿಂದಲೇ ಏರಬೇಕು, ಹೆಬ್ಬೆರಳಿನ ಬುಡಕ್ಕೆ ಬರುವ ಮೊದಲೇ ಇಳಿಯಬೇಕು. ಒಳಬದಿಗೆ ಎಷ್ಟು ಓರೆ ಕೊಡುತ್ತೇನೆ ಅಂತ ಕೇಳಬೇಡಿ, ಅದು ನನ್ನ ಅನ್ನ. ಮೊದಲ ದಿನ ಒಂದೆರಡು ಗಂಟೆ ಹಾಕಿ, ಮೆಲ್ಲ ಹೆಚ್ಚಿಸಲಿ. ಮೊದಲ ದಿನವೇ ಡ್ಯೂಟಿಗೆ ಹಾಕಿಕೊಂಡು ಹೋದವರು ಬೈದುಕೊಂಡು ವಾಪಸ್ ಬಂದಿದ್ದುಂಟು.

ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಇದು ಬೇಡವೇ ಬೇಡ. ಗಟ್ಟಿ ಉಬ್ಬು ಒತ್ತಿ ಹುಣ್ಣಾದರೂ ಅವರಿಗೆ ಗೊತ್ತಾಗುವುದಿಲ್ಲ. ಅಂಥವರನ್ನು ಮೊದಲು ಡಾಕ್ಟರ ಹತ್ತಿರ ಕಳಿಸಿ. ಡಾಕ್ಟರು ಹೇಳಿದರೆ ಎಂಸಿಆರ್ (ಸಣ್ಣ ಗುಳ್ಳೆಗಳಿರುವ ಮೆತ್ತನೆ ರಬ್ಬರ್) ಚಪ್ಪಲಿ ಮಾಡಿಕೊಡುತ್ತೇನೆ.

ನಡುವೆ ಅಡಿಕೆ ಹಾಳೆಯನ್ನೂ ಕತ್ತರಿಸಿ ನೋಡಿದೆ. ಖರ್ಚಿಲ್ಲ, ಆದರೆ ಒಣಗಿ ಸೀಳಿತು, ನಡೆದರೆ ಕಿರಕಿರ ಸದ್ದು ಬೇರೆ.

ಮಳೆಗಾಲದಲ್ಲಿ ಶೂ ಒಣಗುವುದೇ ಇಲ್ಲ ಅಲ್ವಾ? ಹಾಗಾಗಿ ಇನ್‌ಸೋಲನ್ನು ಹಿಂಬದಿ ಪಟ್ಟಿ ಇರುವ ಸ್ಯಾಂಡಲ್‌ನಲ್ಲೇ ಕೂರಿಸುತ್ತೇನೆ. ಪಟ್ಟಿ ಇಲ್ಲದಿದ್ದರೆ ಬೆರಳು ಮುದುಡಿ ಚಪ್ಪಲಿ ಹಿಡಿಯುತ್ತದೆ, ಮಾಡಿದ್ದೆಲ್ಲ ದಂಡ. ಮಾಲಿಗೆ 250ರ ಆಸುಪಾಸು, ತೆಗೆದುಕೊಳ್ಳುವುದು 800. ಚೌಕಾಸಿ ಮಾಡಿದರೂ 700ಕ್ಕಿಂತ ಇಳಿಯುವುದಿಲ್ಲ.

ಆದರೆ ದೊಡ್ಡ ತಲೆನೋವು ಮನೆಯ ನೆಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಟೈಲ್ಸ್ ಮೇಲೆ ಬರಿಗಾಲಲ್ಲಿ ರಾತ್ರಿವರೆಗೂ ಓಡಾಡುತ್ತಾರೆ. ಮನೆಯೊಳಗೆ ಚಪ್ಪಲಿಯಾ ಎಂದು ಅಮ್ಮಂದಿರು ಮುಖ ಸಿಂಡರಿಸುತ್ತಾರೆ. ಅದಕ್ಕೆ ಬಿಳಿ ಸೋಲಿನದ್ದೊಂದು ಬೇರೆ ಜೊತೆ ಮಾಡಿ, "ಇದು ಒಳಗಿನದ್ದು, ಅಂಗಳಕ್ಕೆ ಇಳಿಸಬೇಡಿ" ಅಂತ ಕೊಡುತ್ತೇನೆ. ಈಗ ಹೊರಗಿನದ್ದಕ್ಕಿಂತ ಅದೇ ಜಾಸ್ತಿ ಹೋಗುತ್ತಿದೆ.