ಕಿಡ್ನಿ ಕಲ್ಲಿನ ಶಸ್ತ್ರಚಿಕಿತ್ಸೆ: ಫಲಿತಾಂಶವನ್ನು ಅಂಕಗಳಿಂದ ಅಂದಾಜಿಸುವುದು ಹೇಗೆ?

ಬೆನ್ನಿನ ಕಡೆಯಿಂದ ಸಣ್ಣ ರಂಧ್ರ ಮಾಡಿ ದೊಡ್ಡ ಕಲ್ಲುಗಳನ್ನು ಒಡೆದು ತೆಗೆಯುವ ಪಿಸಿಎನ್‌ಎಲ್ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವ ಮುನ್ನ ರೋಗಿಗೆ ತಿಳಿಯಬೇಕಾದದ್ದು, ಒಂದೇ ಸಲಕ್ಕೆ ಕಲ್ಲು ಪೂರ್ತಿ ಹೋಗುತ್ತದೆಯೇ ಎಂಬುದು. ಈ ಪ್ರಶ್ನೆಗೆ ಅಳತೆಯ ಆಧಾರದಲ್ಲಿ ಉತ್ತರ ಹುಡುಕಲೆಂದೇ ಅಂಕ ಪದ್ಧತಿಗಳು ರೂಪುಗೊಂಡಿವೆ.

ಮೊದಲ ಹೆಜ್ಜೆ ಸಿ.ಟಿ. ಸ್ಕ್ಯಾನ್. ಕಲ್ಲಿನ ಗಾತ್ರ, ಜಾಗ, ಗಡಸುತನ, ಚರ್ಮದಿಂದ ಅದಕ್ಕಿರುವ ದೂರ ಇವೆಲ್ಲವೂ ಅದರಿಂದಲೇ ಸಿಗಬೇಕು; ಇಲ್ಲಿ ಅಳತೆ ತಪ್ಪಿದರೆ ಮುಂದಿನ ಲೆಕ್ಕವೂ ತಪ್ಪುತ್ತದೆ.

ಎರಡನೆಯದಾಗಿ, ಗೈಸ್ ಸ್ಕೋರ್ ನೋಡಬಹುದು. 2011ರಲ್ಲಿ ಪ್ರಕಟವಾದ ಈ ಪದ್ಧತಿಯಲ್ಲಿ ಕೂಡಿ ಕಳೆಯುವುದೇನೂ ಇಲ್ಲ, ನಾಲ್ಕು ದರ್ಜೆಗಳಷ್ಟೇ. ಸಹಜ ರಚನೆಯ ಮೂತ್ರಪಿಂಡದ ಮಧ್ಯ ಅಥವಾ ಕೆಳಭಾಗದಲ್ಲಿ ಒಂದೇ ಕಲ್ಲಿದ್ದರೆ ಮೊದಲ ದರ್ಜೆ. ಮೂತ್ರಪಿಂಡದ ಒಳಗೆಲ್ಲ ಕವಲೊಡೆದು ತುಂಬಿಕೊಂಡ ಪೂರ್ಣ ಸ್ಟ್ಯಾಗ್‌ಹಾರ್ನ್ ಕಲ್ಲಾದರೆ ನಾಲ್ಕನೆಯದು. ದರ್ಜೆ ಏರಿದಂತೆ ಪೂರ್ತಿ ತೆರವಿನ ಸಾಧ್ಯತೆ ಇಳಿಯುತ್ತದೆ.

ಇನ್ನಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಬೇಕೆಂದರೆ 2013ರ ಸ್ಟೋನ್ (S.T.O.N.E.) ಪದ್ಧತಿಯಿದೆ; ಇದರಲ್ಲಿ ಐದು ಅಂಶಗಳಿಗೆ ಅಂಕ ಕೊಟ್ಟು ಕೂಡುತ್ತಾರೆ. ಒಂದು ಉದಾಹರಣೆ ನೋಡೋಣ: ಸಹಜ ರಚನೆಯ ಮೂತ್ರಪಿಂಡವೊಂದರಲ್ಲಿ 30 ಮತ್ತು 20 ಮಿ.ಮೀ. ಅಳತೆಯ ಒಂದು ಕಲ್ಲು, ಕೆಳಗಿನ ಕ್ಯಾಲಿಕ್ಸ್‌ನಲ್ಲಿ (ಮೂತ್ರಪಿಂಡದೊಳಗೆ ಮೂತ್ರ ಬಂದು ಸೇರುವ ಬಟ್ಟಲಿನಂಥ ಭಾಗ) 10 ಮತ್ತು 10 ಮಿ.ಮೀ. ಅಳತೆಯ ಇನ್ನೊಂದು ಕಲ್ಲು ಇದೆ ಎನ್ನಿ. ಎರಡರ ವಿಸ್ತೀರ್ಣ ಕೂಡಿದರೆ 700 ಚದರ ಮಿ.ಮೀ.; 400ರಿಂದ 799ರ ನಡುವಿನದಕ್ಕೆ 2 ಅಂಕ. ಚರ್ಮದಿಂದ ಕಲ್ಲಿಗೆ 90 ಮಿ.ಮೀ. ದೂರ, ಅಂದರೆ 100ರ ಒಳಗೇ ಇರುವುದರಿಂದ 1 ಅಂಕ. ಮೂತ್ರ ಕಟ್ಟಿಕೊಂಡು ಉಂಟಾದ ಊತ ಅಲ್ಪವಾಗಿದ್ದರೆ 1, ಕಲ್ಲು ಎರಡೇ ಕ್ಯಾಲಿಕ್ಸ್‌ಗಳಿಗೆ ಸೀಮಿತವಾಗಿದ್ದರೆ ಮತ್ತೆ 1. ಗಡಸುತನ 950 ಹೌನ್ಸ್‌ಫೀಲ್ಡ್ (ಸಿ.ಟಿ.ಯಲ್ಲಿ ಸಾಂದ್ರತೆ ಅಳೆಯುವ ಮಾನ) ಮೀರಿದ್ದರೆ 2. ಒಟ್ಟು 7. ಈ ಪದ್ಧತಿಯಲ್ಲಿ ಕನಿಷ್ಠ 5, ಗರಿಷ್ಠ 13. 5-6 ಸರಳ, 7-8 ಮಧ್ಯಮ, 9ರಿಂದ ಮೇಲೆ ಕ್ಲಿಷ್ಟ. ಸಹಜ ರಚನೆಯಲ್ಲೇ ಒಂದಕ್ಕಿಂತ ಹೆಚ್ಚು ಕಲ್ಲಿರುವುದರಿಂದ ಇದೇ ರೋಗಿ ಗೈಸ್ ಪ್ರಕಾರ ಎರಡನೇ ದರ್ಜೆಗೆ ಸೇರುತ್ತಾರೆ.

ಅದೇ ವರ್ಷ ಬಂದ ಕ್ರೋಸ್ ನೊಮೊಗ್ರಾಮ್ (ಅಂಕಗಳಿಂದ ಸಾಧ್ಯತೆಯನ್ನು ಓದಿಕೊಳ್ಳುವ ನಕ್ಷೆ) ಒಂದು ಹೆಜ್ಜೆ ಮುಂದೆ ಹೋಗಿ, ಹಿಂದೆ ಪಡೆದ ಚಿಕಿತ್ಸೆಯನ್ನೂ ಆ ಕೇಂದ್ರದಲ್ಲಿ ವರ್ಷಕ್ಕೆ ನಡೆಯುವ ಶಸ್ತ್ರಚಿಕಿತ್ಸೆಗಳ ಸಂಖ್ಯೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮಾಡುವ ಕೈಗಳ ಅನುಭವವನ್ನು ಲೆಕ್ಕದಿಂದ ಹೊರಗಿಡದಿರುವುದೇ ಇದರ ದೊಡ್ಡ ಗುಣ ಎನ್ನಬೇಕು. ಆದರೆ ಓದುವಾಗ ಎಚ್ಚರ ಬೇಕು: ಇಲ್ಲಿ ಅಂಕ ಹೆಚ್ಚಿದಷ್ಟೂ ಒಳ್ಳೆಯದು, ಉಳಿದೆರಡರಲ್ಲಿ ಕಡಿಮೆಯಾದಷ್ಟೂ ಒಳ್ಳೆಯದು.

ಅಂಕ ಅನುಕೂಲಕರವಾಗಿ ಬಂತೆಂದು ಅಪಾಯವೇ ಇಲ್ಲವೆಂದು ಭಾವಿಸಬಾರದು. ಈ ಪದ್ಧತಿಗಳು ಮುಖ್ಯವಾಗಿ ಹೇಳುವುದು ಕಲ್ಲಿನ ತೆರವಿನ ಸಾಧ್ಯತೆಯನ್ನು; ರಕ್ತಸ್ರಾವ, ಸೋಂಕಿನಂಥ ತೊಡಕುಗಳನ್ನು ಮುಂಗಾಣುವ ವಿಷಯದಲ್ಲಿ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಮೂತ್ರದ ಕಲ್ಚರ್ (ಸೋಂಕು ಪತ್ತೆಯ ಪರೀಕ್ಷೆ) ವರದಿ, ರಕ್ತ ತೆಳುವಾಗಿಸುವ ಮಾತ್ರೆಗಳು, ಮಧುಮೇಹ ಇವು ಯಾವುವೂ ಮೇಲಿನ ಲೆಕ್ಕದಲ್ಲಿಲ್ಲ. ಅವುಗಳನ್ನು ವೈದ್ಯರೊಂದಿಗೆ ಪ್ರತ್ಯೇಕವಾಗಿಯೇ ಚರ್ಚಿಸಬೇಕು.

‘ಕಲ್ಲು ಪೂರ್ತಿ ಹೋಗಿದೆ’ ಎಂಬುದಕ್ಕೆ ಎಲ್ಲೆಡೆ ಒಂದೇ ಮಾನದಂಡವಿಲ್ಲ ಎಂಬುದನ್ನೂ ಗಮನಿಸಬೇಕು. ಕೆಲವರು ಒಂದು ಚೂರೂ ಉಳಿಯಬಾರದೆನ್ನುತ್ತಾರೆ, ಕೆಲವರು 4 ಮಿ.ಮೀ.ಗಿಂತ ಚಿಕ್ಕ ಚೂರುಗಳನ್ನು ಪರಿಗಣಿಸುವುದಿಲ್ಲ. ಹಾಗಾಗಿ ಶೇಕಡಾವಾರು ಅಂದಾಜು ಹೇಳಿದಾಗ, ಅದು ಯಾವ ಮಾನದಂಡದ ಮೇಲಿನದು, ಶಸ್ತ್ರಚಿಕಿತ್ಸೆಯ ನಂತರ ಯಾವ ಸ್ಕ್ಯಾನ್‌ನಿಂದ ಅದನ್ನು ಪರಿಶೀಲಿಸುತ್ತಾರೆ, ಚೂರು ಉಳಿದರೆ ಮುಂದಿನ ಚಿಕಿತ್ಸೆ ಯಾವುದು ಎಂಬ ಮೂರನ್ನೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು.