1818 ಅಲ್ಲ, ಐವತ್ತೊಂಬತ್ತು ಕಿಲೋ

ಪುಣೆಯ ಜೂನಾ ಬಾಜಾರಿಗೆ ನಾನು ಹೋಗುವುದು ಹಳೆ ಅರ, ಡ್ರಿಲ್ ಬಿಟ್ ಹುಡುಕಲು. ಸಂತೆ ಸೇರುವುದು ಬುಧವಾರ ಮತ್ತು ಭಾನುವಾರ. ಬುಧವಾರ ಭೋಸರಿಯಲ್ಲಿ ಡ್ಯೂಟಿ ಇರುತ್ತದೆ, ಹಾಗಾಗಿ ಭಾನುವಾರದ ಸಂತೆಯೇ ನನಗೆ ಗತಿ. ಅವತ್ತು ಒಬ್ಬ ಭಂಗಾರದವನ, ಅಂದರೆ ಗುಜರಿಯವನ, ಗೋಣಿಚೀಲದ ಪಕ್ಕ ಒಂದು ಅಡಿಗಲ್ಲು ಕೂತಿತ್ತು, ಕಮ್ಮಾರರು ಕಾದ ಕಬ್ಬಿಣ ಇಟ್ಟು ಬಡಿಯುವ ಲೋಹದ ದಿಮ್ಮಿ. ನಮ್ಮ ಗದಗಿನ ಕುಲುಮೆಯಲ್ಲಿದ್ದಂಥ ಮೊಟಕು ಚೌಕದ್ದಲ್ಲ. ಉದ್ದ ಕೊಂಬು, ಸಣ್ಣ ಸೊಂಟ, ಅಗಲ ಪಾದ ಇರುವ ಇಂಗ್ಲಿಷ್ ಮಾದರಿ.

"ಪೇಶವೇಕಾಲೀನ ಆಹೆ, ಸಾಹೇಬ," ಅಂದ, ಪೇಶ್ವೆಗಳ ಕಾಲದ್ದು ಅಂತ. ಸುಮ್ನೆ ಅಂದದ್ದಲ್ಲ, ಸಾಕ್ಷಿನೂ ತೋರಿಸಿದ. ಸೊಂಟದ ಮೇಲೆ ತುಕ್ಕಿನೊಳಗೆ ಅಂಕಿಗಳಿದ್ದವು: 1, 8, 18. ಪೇಶ್ವೆ ಆಡಳಿತ ಮುಗಿದದ್ದು 1818ರಲ್ಲಿ, ಅಲ್ವಾ? ಹದಿನೈದು ಸಾವಿರ ಹೇಳಿದ.

ನಾನು ಗದಗಿನ ಸೋದರಮಾವನಿಗೆ ಫೋನ್ ಹಚ್ಚಿದೆ. ಅವರು ಕಮ್ಮಾರಿಕೆ ಬಿಟ್ಟು ಹತ್ತು ವರ್ಷವಾಗಿದೆ, ಕಿವಿ ಮಾತ್ರ ಇನ್ನೂ ಚುರುಕು. "ಅಳಿಯಾ, ಮೊದ್ಲು ಅದನ್ನ ಮಣ್ಣಿನ ಮ್ಯಾಲಿಂದ ಎತ್ತು. ಮಣ್ಣು ದನಿ ನುಂಗತದ," ಅಂದರು. ಇಬ್ಬರು ಸೇರಿ ಎರಡು ಕಟ್ಟಿಗೆ ತುಂಡಿನ ಮೇಲೆ ಇಟ್ಟೆವು. ಸಣ್ಣ ಸುತ್ತಿಗೆಯಿಂದ ಮುಖದ ಮೇಲೆ, ಅಂದರೆ ಮೇಲ್ಗಡೆಯ ಸಪಾಟು ಉಕ್ಕಿನ ಭಾಗದ ಮೇಲೆ, ಮೆಲ್ಲಗೆ ಬಡಿದೆ. ಗುಡಿಯ ಗಂಟೆಯ ಹಾಗೆ 'ಠಣ್' ಅಂದಿತು, ದನಿ ಎಳೆಯುತ್ತಾ ಹೋಯಿತು. ಬರೀ ಎರಕದ ಕಬ್ಬಿಣವಾಗಿದ್ದರೆ 'ಡಬ್' ಅಂತಿತ್ತು. ಮುಖದ ಉಕ್ಕು ಬಿರುಕು ಬಿಟ್ಟಿದ್ದರೂ ದನಿ ಸತ್ತಿರುತ್ತದೆ. ಆದರೆ ದನಿಯನ್ನೇ ಪೂರ್ತಿ ನಂಬಬೇಡಿ. ಅಮೆರಿಕದ ಫಿಶರ್ ಅಡಿಗಲ್ಲುಗಳು ಎರಕದವು, ಮೇಲೆ ಉಕ್ಕಿನ ಮುಖ. ಒಳ್ಳೆ ಮಾಲು, ಆದರೂ ದನಿ ಕೊಡುವುದಿಲ್ಲ.

ಆಮೇಲೆ ಅಲ್ಲೇ ಡಬ್ಬಿಯಲ್ಲಿದ್ದ ಒಂದು ಇಂಚಿನ ಬೇರಿಂಗ್ ಗುಂಡು ತೆಗೆದುಕೊಂಡೆ. ಹತ್ತು ಇಂಚು ಎತ್ತರದಿಂದ ಬಿಟ್ಟರೆ ಏಳೂವರೆ ಇಂಚಿನ ತನಕ ಪುಟಿಯಿತು. ಏಳೆಂಟು ಇಂಚು ಪುಟಿದರೆ ಮುಖ ಗಟ್ಟಿ ಇದೆ ಅಂತ ಲೆಕ್ಕ. ಕೊಂಬಿಗೂ ಮುಖಕ್ಕೂ ನಡುವಿನ ಮೆಟ್ಟಿಲಿನ ಮೇಲೆ ಗುಂಡು ಪುಟಿಯಲೇ ಇಲ್ಲ. ಅದು ಸರಿಯೇ. ಅಲ್ಲಿ ಉಕ್ಕಿನ ಹಲಗೆ ಇರುವುದಿಲ್ಲ, ಮೆತ್ತನೆ ಕಬ್ಬಿಣ.

ಪೇಶ್ವೆ ಕಥೆ ಕೆಟ್ಟದ್ದು ಹಿಂಬದಿಯಲ್ಲಿ. ಅಲ್ಲಿ ಚೌಕ ತೂತಿನ ಪಕ್ಕ ಸಣ್ಣ ದುಂಡು ತೂತೂ ಇತ್ತು. ಲಾಳ ಕಟ್ಟುವವರಿಗೆ ಅದು ಬೇಕು, ಲಾಳದ ಮೊಳೆತೂತು ಹೊಡೆಯುವಾಗ ಚಾಣದ ತುದಿ ಅದರೊಳಗೆ ಇಳಿಯುತ್ತದೆ. ಇಂಗ್ಲಿಷ್ ಅಡಿಗಲ್ಲುಗಳಲ್ಲಿ ಈ ದುಂಡು ತೂತು ಮಾಮೂಲಾದದ್ದು ಸುಮಾರು 1830ರ ಈಚೆಗೆ. ನಾನು ಬಾಯಿ ಬಿಡಲಿಲ್ಲ. ಚೌಕಾಸಿ ಮಾಡಿ ಆರೂವರೆ ಸಾವಿರಕ್ಕೆ ತಂದೆ.

ಮನೆಯಲ್ಲಿ ಮೊದಲು ಒಂದು ತಪ್ಪು ಮಾಡಿದೆ. ಅವಸರಕ್ಕೆ ಬಿದ್ದು ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಒಂದು ಪಾದ ಉಜ್ಜಿದೆ. ಅಲ್ಲಿ ಏನಾದರೂ ಗುರುತು ಇದ್ದಿದ್ದರೆ ಹೋಯಿತು. ಆಮೇಲೆ ಬುದ್ಧಿ ಬಂತು. ಕೈ ಬ್ರಷ್, ಸ್ವಲ್ಪ ಸೀಮೆಎಣ್ಣೆ, ಒಣಗಿದ ಮೇಲೆ ಮೈದಾಹಿಟ್ಟು ಸವರಿ ಬಟ್ಟೆಯಿಂದ ಒರೆಸಿದೆ. ರಾತ್ರಿ ದೀಪ ಆರಿಸಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದೆ. ತಗ್ಗಿನಲ್ಲಿ ಉಳಿದ ಹಿಟ್ಟು ಅಕ್ಷರಗಳಾಗಿ ಎದ್ದಿತು. ಮೇಲೆ 'ಟರ್ ರೈ', ಅದರ ಕೆಳಗೆ 'ಟೆಂಟ್' (ಪೇಟೆಂಟ್ ಪದದ ಬಾಲ) ಅನ್ನುವಷ್ಟು ಇಂಗ್ಲಿಷ್ ಅಕ್ಷರ, ಒಂದು ವೃತ್ತದೊಳಗೆ 'ಸಾಲಿಡ್ ರಾಟ್' (ಎರಕವಲ್ಲ, ಬಡಿದು ಮಾಡಿದ ಕಬ್ಬಿಣ). ಅಂದರೆ ಇಂಗ್ಲೆಂಡಿನ ಡಡ್ಲಿ ಊರಿನ ಪೀಟರ್ ರೈಟ್ ಕಂಪನಿಯದು. ಪಾದದ ಮೇಲೆ ಆ ಕಂಪನಿಯವಕ್ಕೆ ಇರುವ ಚಪ್ಪಟೆ ಅಂಚೂ ಇತ್ತು. ಅಕ್ಷರ ಒಳಗೆ ಕೊರೆದ ಹಾಗಿತ್ತು. ಅಚ್ಚಿನಲ್ಲಿ ಎರಕ ಹೊಯ್ದದ್ದಾದರೆ ಸಾಮಾನ್ಯವಾಗಿ ಅಕ್ಷರ ಉಬ್ಬಿರುತ್ತದೆ.

ಇನ್ನು ಆ 1818. ಇದು ಇಸವಿಯೇ ಅಲ್ಲ, ತೂಕ. ಹಳೆ ಇಂಗ್ಲಿಷ್ ಅಡಿಗಲ್ಲುಗಳ ಮೇಲೆ ಮೂರು ಅಂಕಿ ಬಿಡಿಬಿಡಿಯಾಗಿ ಇರುತ್ತವೆ. ಮೊದಲನೆಯದನ್ನು 112ರಿಂದ, ಎರಡನೆಯದನ್ನು 28ರಿಂದ ಗುಣಿಸಿ, ಮೂರನೆಯದನ್ನು ಹಾಗೇ ಕೂಡಿಸಬೇಕು. ಬಂದದ್ದು ಪೌಂಡ್. ನಾಲ್ಕು 28 ಸೇರಿದರೆ ಒಂದು 112 ಆಗುತ್ತದಲ್ಲ, ಹಾಗಾಗಿ ನಡುವಿನ ಅಂಕಿ 3 ದಾಟುವಂತಿಲ್ಲ. 8 ಹೇಗೆ ಬಂತು? ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿದೆ. ನಡುವೆ ಅಡ್ಡ ನಿಂತಿದ್ದ ತುಕ್ಕಿನ ಹೆಕ್ಕಳ ಉದುರಿತು, 8 ಹೋಗಿ 0 ಆಯಿತು. 112ಕ್ಕೆ 18 ಸೇರಿಸಿದರೆ 130 ಪೌಂಡ್, ಸುಮಾರು 59 ಕಿಲೋ. ಓಣಿಯ ರದ್ದಿಯವನ ಕಾಟಾದಲ್ಲಿ 58 ಕಿಲೋ 400 ಗ್ರಾಂ ಬಂತು. ಉಳಿದದ್ದು ಎಷ್ಟೋ ಕಮ್ಮಾರರ ಕೈಯಲ್ಲಿ ಸವೆದಿದೆ.

ಮರುದಿನ ಬೆಳಕಿನಲ್ಲಿ ಇನ್ನೊಂದು ಪದ ಕಂಡಿತು: 'ಇಂಗ್ಲೆಂಡ್'. ಹೊರಗಿಂದ ಬರುವ ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ 1890ರಲ್ಲಿ ಸುಂಕದ ಕಾನೂನು ಮಾಡಿತು. ಅಲ್ಲಿಗೂ ಮಾಲು ಕಳಿಸುತ್ತಿದ್ದ ಕಂಪನಿಗಳು ಈ ಪದ ಒತ್ತತೊಡಗಿದವು. ಹಾಗಾಗಿ ನನ್ನದು 1890ರ ದಶಕಕ್ಕಿಂತ ಹಳೆಯದಾಗಿರಲಾರದು. ಅಮೆರಿಕದ ಹೇ-ಬಡ್ಡನ್‌ನಂಥ ಅಡಿಗಲ್ಲಾದರೆ ಪಾದದ ಮೇಲಿನ ಸೀರಿಯಲ್ ನಂಬರಿನಿಂದ ವರ್ಷವನ್ನೇ ಹಿಡಿಯಬಹುದು. ಪೀಟರ್ ರೈಟಿಗೆ ಯಾರಾದರೂ 'ಕರೆಕ್ಟಾಗಿ 1896' ಅಂದರೆ ಜೇಬು ಹಿಡಿದುಕೊಳ್ಳಿ.

ಪಕ್ಕದ ವರ್ಕ್‌ಶಾಪಿನವನು ಮುಖವನ್ನು ಮಿಲ್ಲಿಂಗ್ ಮಾಡಿ ಸಪಾಟು ಮಾಡಿಕೊಡ್ತೀನಿ ಅಂದ. ಬೇಡ ಅಂದೆ. ಮೇಲಿನ ಉಕ್ಕಿನ ಹಲಗೆ ಇರುವುದೇ ಅರ್ಧ ಇಂಚಿನ ಆಸುಪಾಸು, ಅದನ್ನು ಸವೆಸಿದರೆ ಉಳಿಯುವುದೇನು? ಜಾಲಿ ದಿಮ್ಮಿಯ ಮೇಲೆ ಕೂರಿಸಿದ್ದೇನೆ. ಠಣ್ ಅನ್ನುವ ಆ ದನಿಗೆ ಕೆಳಮನೆಯ ಕಾಕೂ ಎರಡು ಸಲ ಬಾಗಿಲು ಬಡಿದರು. ಈಗ ಸೊಂಟಕ್ಕೆ ಸರಪಳಿ ಸುತ್ತಿ, ಹಿಂಬದಿಯ ಅಡಿಗೆ ಹಳೆ ಸ್ಪೀಕರಿನ ಅಯಸ್ಕಾಂತ ಅಂಟಿಸಿದ್ದೇನೆ. ದನಿ ಅರ್ಧಕ್ಕಿಳಿದಿದೆ. ಅಯಸ್ಕಾಂತವೂ ಅದೇ ಭಂಗಾರದವನ ಹತ್ತಿರವೇ ತಂದದ್ದು, ನಲವತ್ತು ರೂಪಾಯಿ.