ಸ್ಫೋರ್ಜಾಂಡೊ ಕಲಿಸಿದ ನನ್ನ ಅನುಭವ

ಪಿಯಾನೊ ಪಾಠ ಹೇಳುವ ಗೆಳೆಯರು ಯಾರೂ ಇದನ್ನು ನಂಬಿರಲಿಲ್ಲ. ಸ್ಫೋರ್ಜಾಂಡೊ (ಒಂದೇ ಸ್ವರಕ್ಕೆ ಥಟ್ಟನೆ ಒತ್ತು ಕೊಡು ಎನ್ನುವ) ಗುರುತು ಬಂದಾಗ ‘ಜೋರಾಗಿ ಹೊಡಿ’ ಅನ್ನೋದನ್ನೇ ನಾನು ಬಿಟ್ಟುಬಿಟ್ಟೆ. ಹಾಗೆ ಮಾಡಿದರೆ ಪರೀಕ್ಷಕರಿಗೆ ಏನೂ ಕೇಳಿಸಲ್ಲ ಎಂದರು. ಈಗ ಅವರಲ್ಲೇ ಇಬ್ಬರು ತಮ್ಮ ಮಕ್ಕಳನ್ನು ನನ್ನ ಹತ್ತಿರ ಕಳಿಸುತ್ತಿದ್ದಾರೆ.

ನಾನು ಹಿಡಿದದ್ದು 1796ರಲ್ಲಿ ಅಚ್ಚಾದ ಬೇತೋವನ್‌ನ ಎಫ್ ಮೈನರ್ ಸೊನಾಟಾ ಎಂಬ ಪಿಯಾನೊ ಕೃತಿ, ಓಪಸ್ (ಕೃತಿಸಂಖ್ಯೆ) 2ರ ಮೊದಲನೆಯದು. ಶುರು ಮೆಲ್ಲಗೆ. ಐದನೇ ಬಾರ್‌ನಲ್ಲಿ (ಬಾರ್ ಅಂದರೆ ತಾಳದ ಒಂದು ಅಳತೆ) ಒಂದು ಸ್ಫೋರ್ಜಾಂಡೊ, ಆರರಲ್ಲಿ ಇನ್ನೊಂದು, ಏಳರಲ್ಲಿ ಫೋರ್ಟಿಸ್ಸಿಮೊ (ತುಂಬಾ ಜೋರು), ಎಂಟರಲ್ಲಿ ಮತ್ತೆ ಮೆಲ್ಲಗೆ. ಐದರಲ್ಲೇ ಇದ್ದ ಬಲವೆಲ್ಲ ಸುರಿದರೆ ಏಳಕ್ಕೆ ಏನು ಉಳಿಯುತ್ತೆ? ಮಕ್ಕಳು ಮಾಡುತ್ತಿದ್ದದ್ದು ಅದನ್ನೇ. ಭುಜ ಎತ್ತಿ ಗುದ್ದುವುದು, ಮುಂದಿನ ಸ್ವರ ತಪ್ಪುವುದು.

ನನ್ನ ದಾರಿ ಇಷ್ಟೇ: ಒತ್ತು ಬೀಳುವ ಸ್ವರಕ್ಕೆ ಹೆಚ್ಚು ಬಲ ಹಾಕಬೇಡಿ, ಸುತ್ತಲಿನದ್ದನ್ನು ತಗ್ಗಿಸಿ. ಎಡಗೈ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಬೆರಳು ಕೀಲಿಯಿಂದ ಮೇಲೇಳದಂತೆ ನುಡಿಸಬೇಕು. ಆಗ ಬಲಗೈಯ ಸ್ವರ ತಾನಾಗಿ ಎದ್ದು ನಿಲ್ಲುತ್ತೆ.

ಇದಕ್ಕೆ ದುಡ್ಡೂ ಸಾಕಷ್ಟು ಹೋಯಿತು. ಮೊದಲು ಕೊಂಡ ಕೀಬೋರ್ಡ್ ಹದಿನೆಂಟು ಸಾವಿರದ್ದು. ಮೆಲ್ಲಗೆ, ಜೋರಾಗಿ ಎರಡೇ ಗೊತ್ತು ಅದಕ್ಕೆ, ನಡುವಿನದ್ದು ಇಲ್ಲವೇ ಇಲ್ಲ. ಅರ್ಧ ಬೆಲೆಗೆ ಕೊಟ್ಟು, ತೂಕದ ಕೀಲಿಯ (ನಿಜವಾದ ಪಿಯಾನೊದಂತೆ ಭಾರ ಅನ್ನಿಸುವ) ಡಿಜಿಟಲ್ ಪಿಯಾನೊ ತಂದೆ. ಸ್ಟ್ಯಾಂಡು, ಪೆಡಲು ಸೇರಿ ಅರವತ್ತು ಸಾವಿರ ದಾಟಿತು. ಲ್ಯಾಪ್‌ಟಾಪ್‌ಗೆ ಜೋಡಿಸಿ ಮಿಡಿ ವೆಲಾಸಿಟಿ, ಅಂದರೆ ಕೀಲಿಯನ್ನು ಎಷ್ಟು ಬಲವಾಗಿ ಹೊಡೆದರು ಅನ್ನೋ ಅಂಕಿ, ತೋರಿಸಿದೆ. ಅದರ ತುದಿ 127 ಅಲ್ವಾ, ಹುಡುಗರು ಮೊದಲು 120ರ ಹತ್ತಿರ ಬಡಿಯುತ್ತಿದ್ದರು. ಈಗ ಸುತ್ತ 40, ಒತ್ತಿಗೆ ಸುಮಾರು 75. ಕೇಳಲು ಈ 75 ಆ 120ಕ್ಕಿಂತ ಚೂಪು!

ನಡುವೆ ಕೊನ್ನಕ್ಕೋಲನ್ನೂ (ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕರ್ನಾಟಕ ಸಂಗೀತದ ಕಲೆ) ತಂದೆ. ‘ತಕದಿಮಿ’ಯಲ್ಲಿ ‘ದಿ’ಗೆ ಒತ್ತು, ಉಳಿದ ಮೂರು ಪಿಸುಮಾತಿನಲ್ಲಿ. ಸ್ಫೋರ್ಜಾಂಡೊಗೆ, ಮಾರ್ಕಾಟೊಗೆ (ಪ್ರತಿ ಸ್ವರವನ್ನೂ ಒತ್ತಿ ನುಡಿಸುವ ಗುರುತು) ಚೆನ್ನಾಗಿ ಕೆಲಸ ಮಾಡಿತು. ಟೆನ್ಯೂಟೊ ಎಂಬ ಗುರುತಿಗೆ ಆಗಲೇ ಇಲ್ಲ. ಅಲ್ಲಿ ಸ್ವರ ಪೂರ್ತಿ ನಿಲ್ಲಬೇಕು, ತಕದಿಮಿಯೋ ಕತ್ತರಿಸಿ ಕತ್ತರಿಸಿ ಬರುತ್ತೆ. ಅದಕ್ಕೆ ಬಾಯಲ್ಲಿ ಹಾಡಿಸುವುದೇ ಸರಿ.

ಫೋರ್ಟೆಪಿಯಾನೊ ಎಂಬ ಗುರುತಿನದ್ದು ಬೇರೆ ಕಥೆ. ಬೇತೋವನ್‌ನದೇ ಓಪಸ್ 13, ಪಥೆಟೀಕ್ ಸೊನಾಟಾದ ಮೊದಲ ಕಾರ್ಡ್ ನೋಡಿ. ಜೋರಾಗಿ ಬಿದ್ದ ಕೂಡಲೇ ಮೆಲ್ಲಗಾಗಬೇಕು, ಹೊಡೆದ ತಂತಿಯೋ ತನ್ನ ಪಾಡಿಗೆ ಮೊಳಗುತ್ತಿರುತ್ತೆ. ಕೀಲಿಯನ್ನು ಅರ್ಧ ಬಿಟ್ಟು ಪೆಡಲಿನಲ್ಲಿ ಹಿಡಿಯಬೇಕು. ಕಾಲು ಯಾವ ಕ್ಷಣಕ್ಕೆ ಇಳಿಯಬೇಕು ಅನ್ನೋದನ್ನು ನನ್ನ ಹತ್ತಿರ ಕಲಿಯುವವರಿಗೆ ಮಾತ್ರ ತೋರಿಸುತ್ತೇನೆ. ಡಿಜಿಟಲ್‌ನಲ್ಲಿ ಅದು ಸರಿಯಾಗಿ ಸಿಗಲಿಲ್ಲ. ತಿಂಗಳಿಗೊಮ್ಮೆ ಗಂಟೆಗೆ ಐನೂರು ಕೊಟ್ಟು ನಿಜವಾದ ಪಿಯಾನೊ ಇರುವ ಕಡೆ ಮಕ್ಕಳನ್ನು ಕರೆದೊಯ್ಯುತ್ತೇನೆ.